ಅತ್ತೆಯ ಎಡಗೈ

ಅತ್ತೆಯ ಎಡಗೈ ಊದಿಕೊಂಡ ಮೇಲೆ ಸೊಸೆ ಏಳುವ ಹೊತ್ತು ಒಂದು ಗಂಟೆ ಹಿಂದಕ್ಕೆ ಹೋಯಿತು. ಐದೂವರೆಗೆ ಎದ್ದು, ಒಲೆಯ ಮೇಲೆ ಟೀಗೆ ನೀರಿಟ್ಟು, ಅತ್ತೆಯ ಕೋಣೆಗೆ ಹೋಗಿ, ಆ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, ಹಿಂದಿನ ರಾತ್ರಿ ಸುತ್ತಿದ ಬ್ಯಾಂಡೇಜನ್ನು ಸುರುಳಿ ಸುರುಳಿಯಾಗಿ ಬಿಚ್ಚಬೇಕು. ಸೌಮ್ಯವಾದ ಸೋಪಿನಲ್ಲಿ ತೊಳೆಯಬೇಕು. ಉಜ್ಜುವಂತಿಲ್ಲ, ಟವೆಲನ್ನು ಒತ್ತಿ ಒತ್ತಿ ನೀರು ತೆಗೆಯಬೇಕು. ಬೆರಳ ಸಂದಿಯಲ್ಲಿ ತೇವ ಉಳಿಯಬಾರದು. ವಾಸನೆಯಿಲ್ಲದ ಕ್ರೀಮು ಸವರಿ, ಮಣಿಕಟ್ಟಿನಿಂದ ಭುಜದವರೆಗೆ ಊತವನ್ನು ಒತ್ತಿಹಿಡಿಯುವ ಬಿಗಿಯಾದ ಸ್ಲೀವ್ ಏರಿಸಬೇಕು. ಅಷ್ಟರಲ್ಲಿ ಟೀ ನೀರು ಕುದ್ದು ಅರ್ಧವಾಗಿರುತ್ತಿತ್ತು.

"ಇದು ಟೀ ಅಲ್ಲ, ಕಷಾಯ" ಎನ್ನುತ್ತಿದ್ದಳು ಅತ್ತೆ, ಒಂದು ಗುಟುಕು ಕುಡಿದು. ಕೈಯ ವಿಷಯಕ್ಕೆ ಒಂದು ಮಾತೂ ಇಲ್ಲ.

ಕೆಳಗೆ ಬ್ಯೂಟಿ ಪಾರ್ಲರ್, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಗಂಡ ತೀರಿಕೊಂಡ ವರ್ಷ, ಎಂಟು ವರ್ಷದ ಮಗನನ್ನು ಕನ್ನಡಿಯ ಕೆಳಗೆ ಕೂರಿಸಿ ಹೋಂವರ್ಕ್ ಬರೆಸುತ್ತ, ಅತ್ತೆ ಒಬ್ಬಳೇ ಕಟ್ಟಿದ ಪಾರ್ಲರ್ ಅದು. ಮೂವತ್ತು ವರ್ಷ ಆಗಿತ್ತು. ಬೀದಿಗೆಲ್ಲ ಅವಳು ಮೇಡಂ. ಹುಬ್ಬು ತಿದ್ದಿಸಲು ಬಂದವರಿಗೆ ನಿಮ್ಮ ಮೂಗೇ ಸೊಟ್ಟ ಎಂದು ಹೇಳಿ ಕಳಿಸುವ ಬಾಯಿ. ಆದರೂ ಜನ ಅಲ್ಲಿಗೇ ಬರುತ್ತಿದ್ದರು. ಅವಳು ವ್ಯಾಕ್ಸ್ ಪಟ್ಟಿ ಎಳೆದರೆ ಕೂತವಳಿಗೆ ನೋವು ತಿಳಿಯುವ ಮೊದಲೇ ಮುಗಿದಿರುತ್ತಿತ್ತು.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ, ವ್ಯಾಕ್ಸಿನ ಹೊಸ ಡಬ್ಬಿ ತರಿಸಿದಾಗಲೆಲ್ಲ ಅತ್ತೆ ಮೊದಲು ಅವಳ ಮುಂಗೈ ಮೇಲೆ ಹಚ್ಚಿ ನೋಡುತ್ತಿದ್ದಳು. ಸೊಸೆಯದು ಮುಟ್ಟಿದರೆ ಕೆಂಪೇಳುವ ಚರ್ಮ. "ಒಳ್ಳೇದೇ ಆಯ್ತು. ನಿನಗೆ ಆಗ್ಬಂದದ್ದು ಊರಿಗೆಲ್ಲ ಆಗ್ಬರುತ್ತೆ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದಳು. ಆಗ ಸುಟ್ಟ ಎರಡು ಕಂದು ಕಲೆ ಹದಿನಾಲ್ಕು ವರ್ಷವಾದರೂ ಸೊಸೆಯ ಕೈಯಲ್ಲಿದ್ದವು.

ಎರಡು ವರ್ಷದ ಹಿಂದೆ ಅತ್ತೆಗೆ ಎದೆಯಲ್ಲಿ ಗಂಟು ಕಂಡಿತು. ಕ್ಯಾನ್ಸರ್ ಎಂದರು. ಎಡಸ್ತನದ ಜೊತೆ ಎಡಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಜೀವ ಉಳಿಯಿತು. ವರ್ಷ ತುಂಬುವುದರೊಳಗೆ ಆ ಕಡೆಯ ಕೈ ಬಾತುಕೊಂಡಿತು. ಆಸ್ಪತ್ರೆಯಲ್ಲಿ ಊತದವರಿಗೆಂದೇ ಒಬ್ಬ ನರ್ಸ್ ಇದ್ದಳು. ಬ್ಯಾಂಡೇಜ್ ಸುತ್ತುವುದನ್ನು ಸೊಸೆಗೆ ಕಲಿಸಿದವಳು ಅವಳೇ. ಮೊದಲ ದಿನವೇ ಅವಳು ಅತ್ತೆಯ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ್ದಳು.

"ವ್ಯಾಕ್ಸ್ ಮಾಡ್ಕೋತೀರಾ ಅಮ್ಮ?"

"ನನ್ನ ಕೆಲಸಾನೇ ಅದು."

"ಈ ಕೈಗೆ ಇನ್ನು ಬೇಡ. ಇಲ್ಲಿ ಸೇರಿಕೊಂಡ ನೀರು ಮೊದಲಿನ ಹಾಗೆ ಹರಿದು ಹೋಗಲ್ಲ. ಕ್ರಿಮಿ ಹೊಕ್ಕರೆ ಅಲ್ಲೇ ಬೀಡು ಬಿಡುತ್ತೆ. ವ್ಯಾಕ್ಸ್ ಚರ್ಮ ಕೀಳುತ್ತೆ, ಬ್ಲೇಡ್ ಗೀರುತ್ತೆ, ಕೂದಲು ಉದುರಿಸೋ ಕ್ರೀಮು ಸುಡುತ್ತೆ. ಮೂರೂ ಬೇಡ."

"ಮತ್ತೆ ಕರಡಿ ಹಾಗೆ ಇರ್ಲಾ?"

"ಇದ್ದರೂ ಏನೂ ನಷ್ಟ ಇಲ್ಲ. ತೆಗೀಲೇಬೇಕು ಅಂದ್ರೆ ಕರೆಂಟಿನ ಟ್ರಿಮ್ಮರ್ ಇಟ್ಕೊಳ್ಳಿ. ಈ ಕೈಗೆ ಮಾತ್ರ, ಇನ್ಯಾರಿಗೂ ಬಳಸಬೇಡಿ. ಬ್ಲೇಡಿನ ಭಾಗ ತೊಳೆದು ಒಣಗಿಸಿಡಿ. ಒತ್ತಬೇಡಿ, ಮೇಲೆ ಮೇಲೆ ಆಡಿಸಿ. ಆಮೇಲೆ ಕ್ರೀಮು." ನರ್ಸ್ ಸೊಸೆಯ ಕಡೆ ತಿರುಗಿದಳು. "ಏನೇ ಸಣ್ಣ ಗಾಯ ಆದ್ರೂ ತಕ್ಷಣ ತೊಳೆದು ಔಷಧಿ ಹಚ್ಚಬೇಕು. ಕೆಂಪಾದ್ರೆ, ಬಿಸಿ ಆದ್ರೆ, ಚಳಿ ಬಂದ್ರೆ ಅದೇ ದಿನ ಇಲ್ಲಿಗೆ ಬರಬೇಕು. ನಾಳೆ ನೋಡೋಣ ಅನ್ನಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದಳು ಸೊಸೆ.

ಹೊರಗೆ ಬಂದ ಮೇಲೆ ಅತ್ತೆ ಹೇಳಿದಳು: "ಮೊನ್ನೆ ಹುಟ್ಟಿದವಳು ನನಗೆ ಕೂದಲು ತೆಗೆಯೋದು ಹೇಳಿಕೊಡ್ತಾಳೆ."

ಆದರೂ ಟ್ರಿಮ್ಮರ್ ಬಂತು. ಭಾನುವಾರಕ್ಕೊಮ್ಮೆ ಸೊಸೆ ಅದನ್ನು ಆಡಿಸುತ್ತಿದ್ದಳು. ಕೂದಲು ಬುಡಸಮೇತ ಹೋಗುತ್ತಿರಲಿಲ್ಲ. ಎರಡು ದಿನಕ್ಕೆ ಕುಡುಗೋಲು ಆಡಿಸಿದ ಹೊಲದ ಕೂಳೆಯ ಹಾಗೆ ಮತ್ತೆ ಕಾಣುತ್ತಿತ್ತು. ರಸ್ತೆಯ ಆ ಬದಿ ಗಾಜಿನ ಬಾಗಿಲಿನ ಹೊಸ ಪಾರ್ಲರ್ ತೆರೆದ ತಿಂಗಳು ಅದು. ಗಿರಾಕಿ ಕಡಿಮೆಯಾಗಿದ್ದರು. ಇದ್ದವರಲ್ಲೊಬ್ಬಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಸ್ಲೀವ್ ತೆಗೆದಿಟ್ಟಿದ್ದ ಅತ್ತೆಯ ಕೈ ನೋಡಿ ತಮಾಷೆಗೆ ಅಂದಳು: "ಏನು ಮೇಡಂ, ದೀಪದ ಕೆಳಗೇ ಕತ್ತಲೆ?"

ಅತ್ತೆ ನಕ್ಕಳು. ಗಿರಾಕಿ ಹೋದ ಮೇಲೆ ಸೊಸೆಯನ್ನು ಕರೆದಳು.

"ಈ ಗಂಡಸರ ಮಿಷನ್ನು ಸಾಕು. ಇವತ್ತು ವ್ಯಾಕ್ಸ್ ಹಾಕು."

"ಆಗಲ್ಲ ಅತ್ತೆ. ನರ್ಸ್ ಬೇಡ ಅಂದಿದ್ದಾರೆ."

"ಕೈ ಯಾರದು?"

"ನಿಮ್ಮದೇ. ಜ್ವರ ಬಂದ್ರೆ ಎತ್ಕೊಂಡು ಓಡೋಳು ನಾನು."

"ಓಹೋ, ಓಡಿ ಸವೆದುಹೋಗಿದ್ದೀಯ. ನಿನ್ನ ಅಪ್ಪನ ಮನೇಲಿ ಕೂರಿಸಿ ತಿನ್ನಿಸ್ತಿದ್ರು, ಇಲ್ಲಿಗೆ ಬಂದು ಸೊರಗಿದೆ" ಎಂದಳು ಅತ್ತೆ. ಆ ದಿನ ಬಂದ ಪ್ರತಿ ಗಿರಾಕಿಗೂ, ನಮ್ಮ ಸೊಸೆ ಡಾಕ್ಟರು, ಅವಳ ಅಪ್ಪಣೆ ಇಲ್ಲದೆ ನಾನು ಉಸಿರಾಡೋ ಹಾಗಿಲ್ಲ ಎಂದು ಹೇಳಿದಳು. ಸೊಸೆ ನೆಲದ ಕೂದಲು ಗುಡಿಸುತ್ತ ಕೇಳಿಸಿಕೊಂಡಳು.

ಆ ದಿನಗಳಲ್ಲಿ ಸೊಸೆ ಏನನ್ನು ಬೇಕಾದರೂ ಕೇಳಿಸಿಕೊಳ್ಳುತ್ತಿದ್ದಳು. ಅವಳ ಗಂಡ ಲಿಫ್ಟ್ ರಿಪೇರಿಯವನು. ಅವನು ಕೆಲಸಕ್ಕೆ ಹೋಗುವ ಒಂದು ಕಟ್ಟಡದಲ್ಲಿ, ನಾಲ್ಕನೇ ಮಹಡಿಯಲ್ಲಿ, ಎರಡು ಕೋಣೆಯ ಮನೆ ಬಾಡಿಗೆಗೆ ಖಾಲಿಯಾಗುವುದಿತ್ತು. ಗಂಡಹೆಂಡತಿ ಹೋಗಿ ನೋಡಿ ಬಂದಿದ್ದರು. ಅಡುಗೆಮನೆಗೆ ಕಿಟಕಿ ಇತ್ತು. ಸೊಸೆ ಅದನ್ನು ಮೂರು ಸಲ ತೆಗೆದು ಮುಚ್ಚಿದ್ದಳು. ಬೆಳಿಗ್ಗೆ ಸಂಜೆ ಬಂದು ಅತ್ತೆಯ ಕೈ ನೋಡಿಕೊಂಡು ಹೋಗುವುದು ಎಂದು ಮಾತಾಗಿತ್ತು. "ಸಮಯ ನೋಡಿ ಅಮ್ಮನಿಗೆ ನಾನೇ ಹೇಳ್ತೀನಿ" ಎಂದಿದ್ದ ಗಂಡ. ಆ ಸಮಯ ಮಾತ್ರ ಒಂದೂವರೆ ತಿಂಗಳಾದರೂ ಬಂದಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಹನ್ನೆರಡು ವರ್ಷ. ತೆಳ್ಳಗಿದ್ದದ್ದರಿಂದ ಮನೆಯಲ್ಲಿ ಕಡ್ಡಿ ಎಂದೇ ಕರೆಯುತ್ತಿದ್ದರು. ತಾಯಿಯ ಚರ್ಮವೇ ಅವಳಿಗೂ ಬಂದಿತ್ತು. ಕೈಕಾಲಿನಲ್ಲಿ, ಮೇಲ್ತುಟಿಯ ಮೇಲೆ ನವಿರಾದ ಕೂದಲಿತ್ತು. ಅಜ್ಜಿ ಅವಳನ್ನು ಕಂಡಾಗಲೆಲ್ಲ, "ಬಾರಪ್ಪ ಮೀಸೆ ಮಾವ" ಎನ್ನುತ್ತಿದ್ದಳು. ಮೊದಲು ಕಡ್ಡಿ ನಗುತ್ತಿದ್ದಳು. ಆ ವರ್ಷ ನಗುವುದನ್ನು ಬಿಟ್ಟು ತುಟಿಗೆ ಕೈ ಅಡ್ಡ ಹಿಡಿದು ಮಾತಾಡುವುದನ್ನು ಕಲಿತಳು.

ಶಾಲೆಯ ಈಜು ಸ್ಪರ್ಧೆಗೆ ಎರಡು ದಿನವಿತ್ತು. ಸೊಸೆ ಹೊಸ ಬ್ಯಾಂಡೇಜ್ ತರಲು ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತು ಸಂಜೆ ಐದಕ್ಕೆ ಮರಳಿದಳು. ಕಡ್ಡಿ ಮೇಲಿನ ಬಚ್ಚಲಲ್ಲಿ ಕೂತು ಕಾಲಿಗೆ ತಣ್ಣೀರು ಹುಯ್ದುಕೊಳ್ಳುತ್ತಿದ್ದಳು. ಎರಡೂ ಕಾಲು ಮಂಡಿಯಿಂದ ಕೆಳಗೆ ಕೆಂಪಗೆ ಬೊಕ್ಕೆ ಎದ್ದಿತ್ತು. ಬಲಗಾಲಿನ ಮೀನಖಂಡದ ಮೇಲೆ ಅಂಗೈಯಗಲ ಚರ್ಮ ಕಿತ್ತುಬಂದು ರಸ ಒಸರುತ್ತಿತ್ತು.

"ಯಾರು ಮಾಡಿದ್ದು?"

"ಅಜ್ಜಿ. ನೋವಾಗುತ್ತೆ ಅಂದೆ. ಒಂದು ಕಾಲು ಮಾಡಿ ಒಂದು ಬಿಟ್ರೆ ಎಲ್ಲರೂ ನಗ್ತಾರೆ ಅಂದ್ರು."

ಆ ಸಂಜೆಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೇಳೆ, ಅನ್ನ. ಸೊಸೆ ಎಲ್ಲರಿಗೂ ಬಡಿಸಿ ತಾನು ಕೂರದೆ ನಿಂತಳು.

"ಅತ್ತೆ, ನನ್ನ ಮಗಳ ಮೈ ಮುಟ್ಟೋಕೆ ಮುಂಚೆ ನನ್ನ ಕೇಳಬೇಕಿತ್ತು."

"ಯಾಕೆ, ನನ್ನ ಮೊಮ್ಮಗಳಲ್ವಾ? ಕಾಲು ನೋಡಿದ್ರೆ ಈಜೋಕೆ ಹೋಗೋ ಹುಡುಗಿ ಅನ್ನಿಸ್ತಿತ್ತಾ, ಈಜೋಕೆ ಹೋಗೋ ನಾಯಿ ಅನ್ನಿಸ್ತಿತ್ತಾ?"

ಕಡ್ಡಿ ತಟ್ಟೆ ನೋಡುತ್ತ ಕೂತಿದ್ದಳು.

"ಮೊದಲು ಒಂದು ಮೂಲೇಲಿ ಹಚ್ಚಿ, ಒಂದು ದಿನ ಕಾದು ನೋಡಬೇಕು ಅಂತ ನಿಮಗೆ ಗೊತ್ತಿಲ್ವಾ? ಬಂದವರಿಗೆಲ್ಲ ಅದನ್ನೇ ಹೇಳ್ತೀರ."

"ಬಂದವರು ದುಡ್ಡು ಕೊಡ್ತಾರೆ. ನಿನ್ನದು ಕಾಗದದ ಚರ್ಮ, ಅದನ್ನೇ ಮಗಳಿಗೂ ಕೊಟ್ಟೆ. ತಪ್ಪು ನನ್ನ ವ್ಯಾಕ್ಸಿನದಾ?"

ಸೊಸೆ ಗಂಡನ ಕಡೆ ನೋಡಿದಳು. ಅವನು ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದ.

"ನೀವೇನಾದ್ರೂ ಹೇಳಿ."

"ಈಗ ಊಟ ಮಾಡೋಣ" ಎಂದ ಅವನು.

"ಸರಿ, ನಾನೇ ಹೇಳ್ತೀನಿ. ಅತ್ತೆ, ಮುಂದಿನ ತಿಂಗಳು ನಾವು ಬೇರೆ ಮನೆಗೆ ಹೋಗ್ತಿದ್ದೀವಿ. ಮನೆ ನೋಡಿ ಆಗಿದೆ."

ಅತ್ತೆ ಮಗನನ್ನು ನೋಡಿದಳು. ಅವನು ಸಿಪ್ಪೆಯಿಂದ ಕಣ್ಣೆತ್ತಲಿಲ್ಲ. ಅವಳು ಅನ್ನ ಕಲಸಿ ನಿಧಾನವಾಗಿ ಎರಡು ತುತ್ತು ತಿಂದಳು.

"ಹೋಗಿ. ಈ ಕೈ ಹೊತ್ಕೊಂಡು ನಾನು ಒಬ್ಬಳೇ ಇರ್ತೀನಿ. ಬೀದಿಯವರು ಕೇಳಿದ್ರೆ, ಮಗನಿಗೆ ಲಿಫ್ಟು ಸಿಕ್ತು, ಮೇಲೆ ಹೋದ ಅಂತೀನಿ."

ಕಡ್ಡಿ ಈಜಲು ಹೋಗಲಿಲ್ಲ. ಗಾಯ ಒಣಗಲು ಎರಡು ವಾರ ಹಿಡಿಯಿತು. ಆ ಎರಡು ವಾರವೂ ಸೊಸೆ ಐದೂವರೆಗೆ ಎದ್ದು ಮೊದಲು ಅತ್ತೆಯ ಕೈ ತೊಳೆದು, ಆಮೇಲೆ ಮಗಳ ಕಾಲಿಗೆ ಮುಲಾಮು ಹಚ್ಚಿದಳು.

ಅಷ್ಟರಲ್ಲಿ ಒಂದು ಪತ್ರ ಬಂತು. ಪಾರ್ಲರ್ ನಡೆಸುವವರ ಸಂಘದವರು, ಮೂವತ್ತು ವರ್ಷ ಪೂರೈಸಿದವರನ್ನು ವೇದಿಕೆಗೆ ಕರೆದು ಸನ್ಮಾನಿಸುವವರಿದ್ದರು. ಅತ್ತೆ ಆ ಪತ್ರವನ್ನು ಪಾರ್ಲರಿನ ಬಾಗಿಲಿಗೆ, ಎದುರಿನ ಗಾಜಿನ ಬಾಗಿಲಿಗೆ ಕಾಣುವ ಹಾಗೆ ಅಂಟಿಸಿದಳು. ಗಿಡ್ಡ ತೋಳಿನ ಹೊಸ ಬಟ್ಟೆ ಹೊಲಿಸಿದಳು.

ಸಮಾರಂಭದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಪಾರ್ಲರಿನ ಬಾಗಿಲು ಹಾಕಿಸಿ ಅತ್ತೆ ಕುರ್ಚಿಯಲ್ಲಿ ಕೂತಳು. ಸ್ಲೀವ್ ಎಳೆದು ತೆಗೆದಳು.

"ಹಾಕು."

"ಟ್ರಿಮ್ಮರ್ ತರ್ತೀನಿ."

"ನಾಳೆ ಊರಿನ ಪಾರ್ಲರಿನವರೆಲ್ಲ ಬಂದಿರ್ತಾರೆ. ಕೂಳೆ ಕೈ ಎತ್ಕೊಂಡು ವೇದಿಕೆ ಹತ್ಲಾ? ಹಾಕು ಅಂದೆ."

"ನರ್ಸ್—"

"ನರ್ಸ್ ಮನೆಗೆ ಹೋಗಿ ಸೊಸೆಯಾಗಿರು ಹಾಗಾದ್ರೆ."

"ಅತ್ತೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಉದ್ದ ತೋಳಿನ ಬಟ್ಟೆ ಹಾಕೊಳ್ಳಿ, ಯಾರಿಗೂ ಗೊತ್ತಾಗಲ್ಲ."

"ನನ್ನ ಒಳ್ಳೇದು ನೋಡೋಳು ನನ್ನ ಮಗನ್ನ ಕಿತ್ಕೊಂಡು ಹೋಗಲ್ಲ." ಅತ್ತೆ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಹೇಳಿದಳು: "ಕೇಳು. ನೀನು ಹಾಕದಿದ್ರೆ ಸಂಜೆ ಕಡ್ಡಿ ಬರ್ತಾಳೆ. ಅವಳ ಕೈಲಿ ಹಾಕಿಸ್ಕೋತೀನಿ. ಏನಾದ್ರೂ ಆದ್ರೆ ಮೊಮ್ಮಗಳು ಮಾಡಿದ್ದು ಅಂತಾಗುತ್ತೆ. ಹೊತ್ಕೊಳ್ಳಲಿ ಬದುಕಿಡೀ."

ಸೊಸೆ ವ್ಯಾಕ್ಸ್ ಹೀಟರಿನ ಸ್ವಿಚ್ ಒತ್ತಿದಳು.

ಕೆಲಸ ಕೆಟ್ಟದಾಗಿ ಮಾಡಲಿಲ್ಲ. ಬಿಸಿಯನ್ನು ತನ್ನ ಮಣಿಕಟ್ಟಿಗೆ ತಾಗಿಸಿ ನೋಡಿದಳು. ತೆಳುವಾಗಿ ಹಚ್ಚಿ, ಚರ್ಮವನ್ನು ಹಿಡಿದುಕೊಂಡು, ಅತ್ತೆಯೇ ಕಲಿಸಿದ ಹಾಗೆ ಒಂದೇ ಎಳೆತಕ್ಕೆ ತೆಗೆದಳು. ಮುಂಗೈ ಆಯಿತು. ಮೊಣಕೈ ಮೇಲೆ, ತೋಳಿನ ಹಿಂಭಾಗದಲ್ಲಿ, ಊತಕ್ಕೆ ಚರ್ಮ ಬಲೂನಿನ ಹಾಗೆ ಬಿಗಿದಿತ್ತು. ಪಟ್ಟಿ ಎದ್ದು ಬಂದಾಗ ಅದರ ಜೊತೆ ಕಡಲೆಕಾಳಿನಷ್ಟು ಚರ್ಮವೂ ಬಂತು. ಮೊದಲು ಬೆಳ್ಳಗಿತ್ತು. ಆಮೇಲೆ ನೀರಿನ ಹನಿ ಮೂಡಿತು, ಅದರ ನಡುವೆ ಕೆಂಪು. ಆಪರೇಷನ್ ಆದಾಗಿನಿಂದ ನೋವಿನ ಅರಿವು ಕಡಿಮೆಯಾದ ಕೈ ಅದು. ಅತ್ತೆ ಅಲುಗಲಿಲ್ಲ.

ಔಷಧಿಯ ಡಬ್ಬಿ ಕಪಾಟಿನ ಮೇಲಿನ ಹಲಗೆಯಲ್ಲಿ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಸೊಸೆ ಆ ಹನಿಯನ್ನು ನೋಡಿದಳು. ಹತ್ತಿಯಲ್ಲಿ ಒಂದು ಸಲ ಒತ್ತಿದಳು. ಹತ್ತಿಯನ್ನು ಬುಟ್ಟಿಗೆ ಹಾಕಿ, ಅತ್ತೆಯ ಬಟ್ಟೆಯ ಗಿಡ್ಡ ತೋಳಿನ ಅಂಚನ್ನು ಗಾಯದ ಮೇಲೆ ಎಳೆದು ಬಿಟ್ಟಳು.

"ಆಯ್ತಾ?"

"ಆಯ್ತು."

"ಇಷ್ಟಕ್ಕೆ ಇಷ್ಟು ರಂಪ" ಎಂದಳು ಅತ್ತೆ, ಕೈ ಸವರಿಕೊಳ್ಳುತ್ತ.

ಮಾರನೆಯ ಬೆಳಿಗ್ಗೆ ಅತ್ತೆ ಕೈ ತೊಳೆಸಿಕೊಳ್ಳಲಿಲ್ಲ, ಸ್ಲೀವ್ ಹಾಕಿಸಿಕೊಳ್ಳಲಿಲ್ಲ. ಗೆರೆ ಬೀಳುತ್ತೆ ಎಂದಳು. ಸೊಸೆ ಒತ್ತಾಯ ಮಾಡಲಿಲ್ಲ. ಸಮಾರಂಭದಲ್ಲಿ ನಾಲ್ಕನೇ ಸಾಲಿನಲ್ಲಿ ಮಗಳ ಪಕ್ಕ ಕೂತಳು. ಅತ್ತೆ ಸನ್ಮಾನದ ಫಲಕವನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಜಿನ ಬಾಗಿಲಿನ ಪಾರ್ಲರಿನವಳೂ ತಟ್ಟಿದಳು. ಸೊಸೆಯೂ ತಟ್ಟಿದಳು. ಕಡ್ಡಿ ಅಮ್ಮನ ಕಿವಿಯಲ್ಲಿ ಕೇಳಿದಳು: "ಅಜ್ಜಿ ಕೈ ಹಿಂದೆ ಕೆಂಪಗಿದೆ, ಅದೇನು?"

"ಲೈಟಿಗೆ ಹಾಗೆ ಕಾಣುತ್ತೆ. ಸುಮ್ನೆ ಕೂತ್ಕೋ."

ಸೋಮವಾರ ಬೆಳಿಗ್ಗೆ ಐದೂವರೆಗೆ ಅತ್ತೆಯ ಹಲ್ಲು ಕಟಕಟ ಎನ್ನುತ್ತಿತ್ತು. ಕೈ ಭುಜದಿಂದ ಮಣಿಕಟ್ಟಿನವರೆಗೆ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಕಾದ ತವೆ. ಅತ್ತೆ ಮಗನನ್ನು ಗಂಡನ ಹೆಸರಿನಿಂದ ಕರೆಯುತ್ತಿದ್ದಳು. ಈ ಸಲ ಸೊಸೆ ತಡಮಾಡಲಿಲ್ಲ. ಟೀ ಒಲೆ ಆರಿಸಿ, ಗಂಡನನ್ನು ಎಬ್ಬಿಸಿ, ಹದಿನಾಲ್ಕು ಮೆಟ್ಟಿಲನ್ನೂ ಅತ್ತೆಯ ಭಾರ ಹೊತ್ತು ಇಳಿದಳು.

ಸೋಂಕು ರಕ್ತಕ್ಕೆ ಸೇರಿದೆ ಎಂದರು. ಮೂರು ದಿನ ಏನೂ ಹೇಳಲಾಗುವುದಿಲ್ಲ ಎಂದರು. ಆ ಮೂರು ದಿನ ಸೊಸೆ ವಾರ್ಡಿನ ಬೆಂಚಿನ ಮೇಲೆ ಬ್ರೆಡ್ಡು ತಿಂದುಕೊಂಡು ಕೂತಳು. ಕೇಳಿದವರಿಗೆಲ್ಲ ಗಂಡ, "ಊಟ ತಿಂಡಿ ಬಿಟ್ಟು ಅತ್ತೆ ಸೇವೆ ಮಾಡ್ತಿದ್ದಾಳೆ" ಎಂದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು ಬರುತ್ತಿದ್ದಳು.

ನಾಲ್ಕನೆಯ ದಿನ ಜ್ವರ ಇಳಿಯಿತು. ಊತದ ನರ್ಸ್ ಬಂದು ಕೈಯನ್ನು ತಿರುಗಿಸಿ ನೋಡಿದಳು. ಒಂದು ಕೂದಲೂ ಇರಲಿಲ್ಲ. ತೋಳಿನ ಹಿಂದೆ ಚಿಕ್ಕ ಗಾಯ ಕಪ್ಪಗಾಗಿತ್ತು.

"ಇದು ವ್ಯಾಕ್ಸ್. ಯಾರು ಮಾಡಿದ್ದು?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ನಾನೇ ಮಾಡ್ಕೊಂಡೆ."

"ತೋಳಿನ ಹಿಂದೆ? ಒಂದೇ ಕೈಲಿ?"

"ಮೂವತ್ತು ವರ್ಷದ ಕೈಯಮ್ಮ ಇದು."

ನರ್ಸ್ ಸೊಸೆಯ ಮುಖವನ್ನೊಮ್ಮೆ ನೋಡಿ ಚೀಟಿ ಬರೆಯತೊಡಗಿದಳು. "ಇನ್ನು ಈ ಕೈ ಮೊದಲಿಗಿಂತ ಹೆಚ್ಚು ಊದುತ್ತೆ. ಪ್ರತಿ ಸೋಂಕಿಗೂ ಅಷ್ಟಷ್ಟು ಹಾಳಾಗುತ್ತೆ. ದಿನಕ್ಕೆ ಎರಡು ಸಲ ಬ್ಯಾಂಡೇಜು" ಎಂದಳು. ಗಂಡ ತಾಯಿಯ ಮೇಲೆ ರೇಗಿದ. ಹಠಮಾರಿ, ಯಾರ ಮಾತೂ ಕೇಳಲ್ಲ, ನಮ್ಮನ್ನೆಲ್ಲ ಸಾಯಿಸ್ತೀಯ ಎಂದ. ಅತ್ತೆ ಎಲ್ಲವನ್ನೂ ಕಣ್ಣುಮುಚ್ಚಿ ಕೇಳಿಸಿಕೊಂಡಳು.

ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ಸೊಸೆ ಬಿಸಿನೀರಿನ ಬೋಗುಣಿ ಹಿಡಿದು ಅತ್ತೆಯ ಮುಂದೆ ಕೂತಳು. ಕೈ ತೊಳೆಯುತ್ತ, ತಲೆಯೆತ್ತದೆ ಹೇಳಿದಳು: "ಆಸ್ಪತ್ರೇಲಿ ನೀವು ಹಾಗೆ ಹೇಳಬೇಕಿರಲಿಲ್ಲ."

"ಯಾಕೆ? ನಿಜ ಹೇಳಿದ್ರೆ ನಿನಗೆ ಚೆನ್ನಾಗಿರ್ತಿತ್ತಾ?"

"ನೀವೇ ಹಾಕು ಅಂದ್ರಿ."

"ಹಾಕು ಅಂದೆ. ಮುಚ್ಚು ಅಂದ್ನಾ?" ಅತ್ತೆಯ ದನಿ ಏರಲಿಲ್ಲ. "ಕುರ್ಚಿ ಮುಂದೆ ಒಂದು ಕನ್ನಡಿ, ಹಿಂದೆ ಒಂದು ಕನ್ನಡಿ. ಗಿರಾಕಿಗೆ ತಲೆಯ ಹಿಂದಿನ ಕೂದಲು ಕಾಣಲಿ ಅಂತ ನಾನೇ ಹಾಕ್ಸಿದ್ದು. ನೀನು ರಕ್ತ ನೋಡಿದೆ, ಔಷಧಿ ಡಬ್ಬಿ ನೋಡಿದೆ, ಬಟ್ಟೆಯ ತೋಳು ಎಳೆದೆ. ಎಲ್ಲಾ ಕಾಣ್ತಿತ್ತು. ಆಯ್ತಾ ಅಂತ ಕೇಳಿದ್ನಲ್ಲ, ಈಗಲಾದ್ರೂ ಹೇಳ್ತಾಳೇನೋ ಅಂತ ಕೇಳಿದ್ದು."

ಸೊಸೆಯ ಕೈ ನೀರಿನಲ್ಲೇ ನಿಂತಿತು.

"ಕಂಡಿತ್ತಲ್ಲ, ನೀವಾದ್ರೂ ಔಷಧಿ ಹಚ್ಕೋಬಹುದಿತ್ತು."

"ಹಚ್ಕೋಬಹುದಿತ್ತು. ನೀನು ಎಲ್ಲಿವರೆಗೆ ಹೋಗ್ತೀಯ ನೋಡ್ಬೇಕಿತ್ತು. ನೋಡಿದೆ." ಅತ್ತೆ ದಿಂಬಿಗೆ ಒರಗಿದಳು. "ಆ ನಾಲ್ಕನೇ ಮಹಡಿ ಮಾತು ಇವತ್ತಿಗೆ ಬಿಡು. ನನ್ನ ಮಗನಿಗೆ ನಾನು ಏನೂ ಹೇಳಲ್ಲ. ಕಡ್ಡಿಗಂತೂ ಹೇಳಲ್ಲ. ನೀರು ಆರ್ತಿದೆ, ತೊಳಿ."

ಸೊಸೆ ತೊಳೆದಳು. ಬೆರಳ ಸಂದಿಯನ್ನೂ ಬಿಡದೆ ಒರೆಸಿದಳು. ಹೊರಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು, "ಇರ್ತೀನಿ. ಆದ್ರೆ ನನ್ನ ಮಗಳ ಮೈ ಮೇಲೆ ನಿಮ್ಮ ಕೈ ಬೀಳಬಾರದು" ಎಂದಳು.

"ಬೀಳಲ್ಲ ಬಿಡು" ಎಂದಳು ಅತ್ತೆ.

ಹತ್ತು ದಿನ ಆ ಗುಟ್ಟನ್ನು ಸೊಸೆ ಬಿಸಿತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡು ಓಡಾಡಿದಳು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹನ್ನೊಂದನೆಯ ದಿನ, ಗಂಡ ಕೆಲಸದ ಶೂ ಕಟ್ಟಿಕೊಳ್ಳುತ್ತಿದ್ದಾಗ, ಅಡುಗೆಮನೆಯ ಬಾಗಿಲು ಹಾಕಿ ಎಲ್ಲವನ್ನೂ ಹೇಳಿಬಿಟ್ಟಳು. ಚರ್ಮ ಕಿತ್ತದ್ದು, ಔಷಧಿ ಡಬ್ಬಿ ಹತ್ತಿರವೇ ಇದ್ದದ್ದು, ಬಟ್ಟೆಯ ತೋಳು ಎಳೆದದ್ದು.

"ಹೊಡೀಬೇಕು ಅನ್ನಿಸಿದ್ರೆ ಹೊಡೀರಿ. ಆದ್ರೆ ಇದನ್ನ ಹಿಡ್ಕೊಂಡು ನಿಮ್ಮಮ್ಮ ನನ್ನ ಆಳೋದು ನನಗೆ ಬೇಡ. ಆ ಮನೆ ಇನ್ನೂ ಖಾಲಿ ಇದ್ಯಾ ಕೇಳಿ."

ಗಂಡ ಎರಡನೆಯ ಶೂವಿನ ಲೇಸನ್ನು ನಿಧಾನವಾಗಿ ಕಟ್ಟಿದ.

"ನನಗೆ ಗೊತ್ತು."

"ಏನು ಗೊತ್ತು?"

"ಅಮ್ಮ ಆಸ್ಪತ್ರೇಲೇ ಹೇಳಿದ್ಲು. ಜ್ವರ ಇಳಿದ ದಿನಾನೇ, ನರ್ಸ್ ಬರೋಕೆ ಮುಂಚೆ."

"ಮತ್ತೆ ವಾರ್ಡಿನಲ್ಲಿ ಅವರ ಮೇಲೆ ಅಷ್ಟು ರೇಗಿದ್ರಿ?"

"ನರ್ಸ್ ಇದ್ಲಲ್ಲ. ಏನಾದ್ರೂ ಅನ್ನಬೇಕಿತ್ತು."

"ನನ್ನ ಒಂದು ಮಾತು ಕೇಳಲಿಲ್ಲ ನೀವು. ಹತ್ತು ದಿನ. ನಾನು ಮಾಡಿಟ್ಟದ್ದು ತಿಂದು, ಡಬ್ಬಿ ತಗೊಂಡು ಹೋದ್ರಿ."

"ಕೇಳಿ ಏನು ಮಾಡ್ಲಿ? ಅವಳು ಅಮ್ಮ, ನೀನು ಹೆಂಡತಿ." ಅವನು ಎದ್ದು ನಿಂತು ಪ್ಯಾಂಟು ಕೊಡವಿದ. "ಮನೆ ಹೋಯ್ತು. ಆ ವಾರಾನೇ ಬೇಡ ಅಂದ್ಬಿಟ್ಟೆ."

"ಅವರು ಆಸ್ಪತ್ರೇಲಿ ಇದ್ರು ಅಂತಾನಾ?"

"ಅದಕ್ಕೂ ಮುಂಚೆ. ಕಡ್ಡಿ ಕಾಲಿನ ಗಲಾಟೆ ಆಯ್ತಲ್ಲ, ಮಾರನೇ ದಿನ." ಅವನು ಊಟದ ಡಬ್ಬಿಗೆ ಕೈ ಚಾಚಿದ. "ನನಗೆ ಅಲ್ಲಿಗೆ ಹೋಗೋ ಮನಸ್ಸೇ ಇರಲಿಲ್ಲ ಕಣೆ. ನಿನಗೆ ಹೇಗೆ ಹೇಳೋದು ಅಂತ ನೋಡ್ತಿದ್ದೆ. ಅಷ್ಟರಲ್ಲಿ ನೀವಿಬ್ಬರೇ ಒಂದು ದಾರಿ ಮಾಡಿಕೊಟ್ರಿ."

ಸೊಸೆ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅವನೇ ಒತ್ತಿಕೊಂಡು ಮೆಟ್ಟಿಲಿಳಿದು ಹೋದ.

ಪಾರ್ಲರ್ ಮತ್ತೆ ತೆರೆಯಿತು. ಅತ್ತೆಯ ಎಡಗೈ ಈಗ ಬೆರಳಿನವರೆಗೂ ಬ್ಯಾಂಡೇಜಿನೊಳಗೆ. ಕೆಲಸವೆಲ್ಲ ಸೊಸೆಯದು. ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಗೆ ದಿಂಬು ಕೊಟ್ಟು ಕೂತು, ಬಂದವರಿಗೆ ನಮ್ಮ ಸೊಸೆ ಇಲ್ಲದಿದ್ರೆ ನಾನಿಲ್ಲ ಎನ್ನುತ್ತಿದ್ದಳು. ಗಿರಾಕಿಗಳು ಇಂಥ ಅತ್ತೆಸೊಸೆಯನ್ನು ಕಂಡಿಲ್ಲ ಎನ್ನುತ್ತಿದ್ದರು. ಕೊಟ್ಟ ಮಾತಿನಂತೆ ಅವಳು ಕಡ್ಡಿಯ ಮೈ ಮುಟ್ಟಲಿಲ್ಲ. ಮೀಸೆ ಮಾವ ಎಂದೂ ಕರೆಯಲಿಲ್ಲ. ಅವಳು ಎದುರಿಗೆ ಬಂದಾಗ ತುಟಿಯನ್ನೊಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದಳು, ಅಷ್ಟೇ.

ಒಂದು ಶುಕ್ರವಾರ ಶಾಲೆಯಿಂದ ಬಂದವಳೇ ಕಡ್ಡಿ ಚೀಲ ಇಳಿಸಿ, ಯಾರೂ ಕರೆಯದೆ, ಪಾರ್ಲರಿನ ಕುರ್ಚಿ ಹತ್ತಿ ಕೂತಳು. ಕನ್ನಡಿಗೆ ಮುಖ ಕೊಟ್ಟು, ಮೇಲ್ತುಟಿ ತೋರಿಸಿ ಹೇಳಿದಳು: "ಅಜ್ಜಿ, ಸೋಮವಾರ ಕ್ಲಾಸ್ ಫೋಟೋ. ಇದನ್ನ ತೆಗಿ. ಕೈದೂ ತೆಗಿ."

ಸೊಸೆ ಹಿಂದೆ ಹುಬ್ಬು ತಿದ್ದುವ ದಾರ ಸುತ್ತುತ್ತಿದ್ದವಳು ತಿರುಗಿದಳು.

"ನಿನಗೆ ಆಗಲ್ಲ ಅದು. ಕಾಲಿಗೆ ಏನಾಯ್ತು ಮರೆತ್ಯಾ?"

"ಈ ಸಲ ಅಳಲ್ಲ."

"ಅಳೋ ಮಾತಲ್ಲ. ಏನೂ ತೆಗೀಬೇಕಾಗಿಲ್ಲ, ಚೆನ್ನಾಗಿದೀಯ."

"ನಿನಗೇನು, ಹೇಳ್ತೀಯ. ನಿನ್ನನ್ನ ಯಾರೂ ನೋಡಲ್ಲ" ಎಂದಳು ಕಡ್ಡಿ.

ಅತ್ತೆ ಬಲಗೈಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಕಾಯುತ್ತಿದ್ದಳು. ಸೊಸೆಗೆ ಗೊತ್ತಿತ್ತು: ತಾನು ಒಲ್ಲೆ ಎಂದರೆ, ತಾನು ಆಸ್ಪತ್ರೆಗೋ ಅಂಗಡಿಗೋ ಹೋದ ಒಂದು ಗಂಟೆಯಲ್ಲಿ ಈ ಹುಡುಗಿ ಮತ್ತೆ ಈ ಕುರ್ಚಿ ಹತ್ತುತ್ತಾಳೆ. ಅವಳು ಪೇಟೆಗೆ ಹೋಗಿ ಮಗಳಿಗೆಂದೇ ಒಂದು ಹೊಸ ಟ್ರಿಮ್ಮರ್ ತಂದಳು. ಕೈ ತೊಳೆದುಕೊಂಡಳು. ಕಡ್ಡಿಯ ಮುಂಗೈಯ ಒಳಬದಿಯಲ್ಲಿ ಒಂದು ಬೆರಳಗಲ ಜಾಗದಲ್ಲಿ ಮಾತ್ರ ಆಡಿಸಿ, ನಿಲ್ಲಿಸಿ, ಕ್ರೀಮು ಸವರಿ, ಕೆಂಪೇಳುತ್ತದೆಯೋ ಎಂದು ಬಗ್ಗಿ ನೋಡುತ್ತ ನಿಂತಳು.

"ಇನ್ನೆಷ್ಟು ಹೊತ್ತು?"

"ನಾಳೆವರೆಗೆ ನೋಡ್ಬೇಕು. ಏನೂ ಆಗದಿದ್ರೆ ಮಿಕ್ಕಿದ್ದು ಮಾಡ್ತೀನಿ."

ಕಡ್ಡಿ ಕನ್ನಡಿಯಲ್ಲಿ ಬಾಗಿಲ ಪಕ್ಕದ ಕುರ್ಚಿಯ ಕಡೆ ನೋಡಿದಳು.

"ಅಜ್ಜಿ ಆಗಿದ್ರೆ ಇಷ್ಟೊತ್ತಿಗೆ ಮುಗಿಸಿರ್ತಿದ್ರು" ಎಂದಳು.